ಕರು ಹರಸುವವನ ಗಂಟಲು

೧೯೨೯ ಡಿಸೆಂಬರ್ ೧೦, ಮಂಗಳವಾರ. ಉದಕಮಂಡಲದ ಆಸ್ಪತ್ರೆ

ಇಂದು ಬೆಳಿಗ್ಗೆ ನನ್ನ ಗಂಟಲಿನ ಒಳಗನ್ನು ನಾನೇ ನೋಡಿದೆ. ನಲವತ್ತಾರು ವರ್ಷ ಅದನ್ನು ದುಡಿಸಿಕೊಂಡಿದ್ದೇನೆ, ಮುಖ ಕಂಡದ್ದು ಇವತ್ತೇ.

ಡಾಕ್ಟರ್ ಬಾಲಸುಬ್ರಮಣಿಯನ್ ನನ್ನ ನಾಲಿಗೆಯನ್ನು ಬಟ್ಟೆಯಲ್ಲಿ ಹಿಡಿದು ಹೊರಗೆಳೆದರು. ಉದ್ದನೆಯ ಕಡ್ಡಿಯ ತುದಿಗೆ ಎಂಟಾಣೆಯಷ್ಟು ಅಗಲದ ಕನ್ನಡಿ. ಅದನ್ನು ದೀಪದ ಮೇಲೆ ಬೆಚ್ಚಗೆ ಮಾಡಿ ಅಂಗುಳಿನ ಹಿಂದಕ್ಕೆ ಇಟ್ಟರು. ಇನ್ನೊಂದು ಕನ್ನಡಿಯನ್ನು ನನ್ನ ಕೈಗೆ ಕೊಟ್ಟು, ‘ನೋಡಿಕೊಳ್ಳಿ’ ಎಂದರು. ಅವರು ಮಾತಾಡುವುದು ತಮಿಳು, ನಾನು ಬರೆಯುವುದು ಕನ್ನಡ. ಕೆಂಪು ಗುಹೆಯಂಥ ಜಾಗದಲ್ಲಿ ಎರಡು ಬಿಳಿ ಅಂಚುಗಳು, ಮುಂದೆ ಕೂಡಿಕೊಂಡು ಹಿಂದೆ ಬೇರೆಯಾಗಿ ನಿಂತಿದ್ದವು. ‘ಈ ಅನ್ನಿ’ ಎಂದರು. ಅಂದೆ. ಎರಡೂ ಓಡಿ ಬಂದು ಕೂಡಿದವು, ಆದರೆ ಪೂರ್ತಿ ಕೂಡಲಿಲ್ಲ. ನಡುವೆ ಎರಡು ಕಡೆಯೂ ಅಕ್ಕಿಕಾಳಿನಷ್ಟು ಗಂಟು ಬೆಳೆದಿತ್ತು.

‘ಪಾಠ ಹೇಳುವವರಿಗೂ ಹಾಡುವವರಿಗೂ ಬರುವ ಕಾಯಿಲೆ. ನೀವು ಇಬ್ಬರಲ್ಲಿ ಯಾರು?’ ಎಂದು ಕೇಳಿದರು.

ನಾನು ಇಬ್ಬರೂ ಹೌದು. ಹುಬ್ಬತಲೈ ಶಾಲೆಯಲ್ಲಿ ಕನ್ನಡದ ಮೇಷ್ಟ್ರು. ಜೊತೆಗೆ ನಮ್ಮ ಸುತ್ತಲಿನ ನಾಲ್ಕು ಹಟ್ಟಿಗಳಲ್ಲಿ ಯಾರು ಸತ್ತರೂ ಕರು ಹರಸುವವನು. ಸತ್ತವರ ಮುಂದೆ ಒಂದು ಕರುವನ್ನು ತಂದು ನಿಲ್ಲಿಸಿ, ಮನುಷ್ಯ ಮಾಡಬಹುದಾದ ಪಾಪಗಳನ್ನೆಲ್ಲ ಒಂದೊಂದಾಗಿ ಹೇಳುವುದು ನಮ್ಮವರ ಪದ್ಧತಿ. ಸತ್ತವನು ಮಾಡಿರಲಿ ಬಿಡಲಿ, ಎಲ್ಲವನ್ನೂ ಹೇಳಬೇಕು. ಒಂದೊಂದು ಸಾಲು ಮುಗಿದಾಗಲೂ ನೆರೆದವರೆಲ್ಲ ‘ಪಾಪ’ ಎನ್ನುತ್ತಾರೆ. ಕೊನೆಗೆ ಕರುವನ್ನು ಬಿಟ್ಟುಬಿಡುತ್ತಾರೆ, ಪಾಪ ಅದರೊಂದಿಗೆ ಹೋಗುತ್ತದೆ. ನಾನು ಹಟ್ಟಿಯ ಹುಲ್ಲುಮಾಳದಲ್ಲಿ ನಿಂತು ಹೇಳಿದರೆ ಆಚೆ ಗುಡ್ಡದವರಿಗೂ ಕೇಳುತ್ತಿತ್ತು. ಇದು ಜಂಬವಲ್ಲ, ಕೇಳಿದವರೇ ಹೇಳಿದ್ದು.

ಗಂಟಲಿಗೆ ಕೊಕೇನ್ ನೀರು ಹಚ್ಚಿ ಮರಗಟ್ಟಿಸಿ, ಬಾಗಿದ ಚಿಮಟದಿಂದ ಎರಡೂ ಗಂಟು ಕಿತ್ತರು. ಆಮೇಲೆ ಅಪ್ಪಣೆಯಾಯಿತು. ಆರು ವಾರ ಮಾತು ಇಲ್ಲ, ಪಿಸುಮಾತೂ ಇಲ್ಲ, ಭಾರ ಎತ್ತುವಂತಿಲ್ಲ. ಜನವರಿ ಇಪ್ಪತ್ತೊಂದಕ್ಕೆ ತಾವೇ ಮಾತಾಡಿಸುತ್ತಾರಂತೆ. ಅದಕ್ಕೆ ಮೊದಲು ಒಮ್ಮೆ ಗಟ್ಟಿಯಾಗಿ ಕೂಗಿದರೂ ಹಸಿಗಾಯ ಹರಿದು ಗಡ್ಡೆ ಕಟ್ಟುತ್ತದೆ, ಆಮೇಲೆ ದೇವರು ಬಂದರೂ ಆ ಧ್ವನಿ ಬರುವುದಿಲ್ಲ ಎಂದರು.

ನರ್ಸ್ ಪಂಕಜಂ ಒಂದು ಸ್ಲೇಟು ತಂದುಕೊಟ್ಟು, ಬೇಕಾದ್ದನ್ನು ಬರೆದು ತೋರಿಸಿ ಎಂದಳು. ಪಾಪ, ಒಳ್ಳೆಯ ಹುಡುಗಿ. ನನ್ನ ಹಟ್ಟಿಯಲ್ಲಿ ಓದಬಲ್ಲವರು ನನ್ನ ಹತ್ತಿರ ಕಲಿತ ಮಕ್ಕಳು ಮಾತ್ರ ಎಂದು ಅವಳಿಗೆ ಹೇಗೆ ಹೇಳುವುದು? ಅದಕ್ಕೇ ಈ ನೋಟ್‌ಬುಕ್ಕು. ಯಾರಿಗೂ ತೋರಿಸಬೇಕಾಗಿಲ್ಲ. ಬಾಯಿ ಕಟ್ಟಿದ ಮೇಲೆ ಮಾತು ಎಲ್ಲಾದರೂ ಹೋಗಬೇಕಲ್ಲ.

ಡಿಸೆಂಬರ್ ೧೨

ಹಟ್ಟಿಗೆ ಬಂದೆ. ದಾರಿಯುದ್ದಕ್ಕೂ ಒಬ್ಬೊಬ್ಬರೂ ತಡೆದು, ಹೆಸರು ಹಿಡಿದು ‘ಏನಾತು ಜೋಗಿ’ ಎಂದು ಕೇಳಿದರು. ಗಂಟಲು ತೋರಿಸಿ ಕೈ ಆಡಿಸಿದೆ. ಮೂರನೆಯವನ ಹೊತ್ತಿಗೆ ಅವರೇ ಧ್ವನಿ ತಗ್ಗಿಸಿ, ಕಿವುಡನ ಹತ್ತಿರ ಮಾತಾಡುವ ಹಾಗೆ ಕೈಸನ್ನೆ ಮಾಡತೊಡಗಿದರು. ಕೇಳಿಸುವುದಕ್ಕೆ ನನಗೇನು ಧಾಡಿ?

ನಮ್ಮದು ಸಾಲುಮನೆ. ಹದಿನಾಲ್ಕು ಬಾಗಿಲು, ಒಂದೇ ಸೂರು. ನನ್ನ ಮನೆಗೂ ಪಕ್ಕದ ಮನೆಗೂ ನಡುವೆ ಒಂದೇ ಗೋಡೆ. ಪಕ್ಕದ ಮನೆಯವನು ನನ್ನ ಒಡಹುಟ್ಟಿದ ಅಣ್ಣ, ಹೆಸರು ಹಾಲನ್. ಒಂಬತ್ತು ವರ್ಷದಿಂದ ನಾವು ಮಾತಾಡಿಲ್ಲ. ಆದ್ದರಿಂದ ಈ ಪುಸ್ತಕದಲ್ಲಿ ಅವನು ಪಕ್ಕದ ಮನೆಯವನು, ಅಷ್ಟೇ.

ಅವ್ವೆ ಇರುವುದು ಅವನ ಮನೆಯಲ್ಲಿ. ಅವನು ಹೊಲಕ್ಕೆ ಹೋದ ಮೇಲೆ ನಾನು ಹೋಗಿ ಅವ್ವೆಯನ್ನು ನೋಡಿ ಬರುವುದು, ಅವನ ಕೆಮ್ಮು ಅಂಗಳದಲ್ಲಿ ಕೇಳಿದ ಕೂಡಲೇ ಎದ್ದು ಬರುವುದು. ಅವನ ಹೆಂಡತಿ ಕರಿಯಮ್ಮ ಇದಕ್ಕೆ ಏನೂ ಅನ್ನುವುದಿಲ್ಲ. ನನ್ನ ಹೆಂಡತಿ ತೀರಿಕೊಂಡು ಆರು ವರ್ಷವಾಯಿತು, ಮಕ್ಕಳಿಲ್ಲ. ಆ ಗೋಡೆಯ ಆಚೆಯ ಸದ್ದೇ ನನ್ನ ಮನೆಯ ಸದ್ದು.

ಅವ್ವೆ ಈ ಚಳಿಗೆ ತೀರ ಸೊರಗಿದ್ದಾಳೆ. ನನ್ನ ಗಲ್ಲ ಹಿಡಿದು, ‘ಬಾಯಿ ಯಾವಾಗ ಬುಡ್ತಾರೆ?’ ಎಂದು ಕೇಳಿದಳು. ಬೆರಳು ಮಡಿಸಿ ಆರು ವಾರ ಎಂದು ತೋರಿಸಿದೆ.

‘ಅದು ಬಾಳ ದಿನ ಮಗ. ಎನ್ನ ಕರುವ ನೀಯೇ ಹರಸೋದು. ಬೇರೆಯವನ ಕೊರಲು ಎನಗ ಬೇಡ. ಅಲ್ಲೀವರೆಗ ಇರ್ತೆ ನಾ,’ ಎಂದಳು.

ತಲೆ ಆಡಿಸಿದೆ. ಅಲ್ಲಿಯವರೆಗೆ ಅವಳು ಇರಬೇಕು, ಅಲ್ಲಿಯವರೆಗೆ ನಾನು ಬಾಯಿ ಬಿಡಬಾರದು. ನಲವತ್ತು ದಿನ.

ಡಿಸೆಂಬರ್ ೧೪

ಬೆಳಿಗ್ಗೆ ಬಾಗಿಲ ಮುಂದೆ ಸೀಳಿದ ಸೌದೆಯ ಹೊರೆ ಇತ್ತು. ಯಾರು ಇಟ್ಟರೋ. ಭಾರ ಎತ್ತಬಾರದು ಎಂಬುದು ಹಟ್ಟಿಗೆಲ್ಲ ಗೊತ್ತಾಗಿದೆ.

ಇಡೀ ದಿನ ಯಾರೂ ಬರಲಿಲ್ಲ. ಉತ್ತರ ಕೊಡದವನ ಹತ್ತಿರ ಎಷ್ಟು ಹೊತ್ತು ಕೂರುತ್ತಾರೆ?

ಡಿಸೆಂಬರ್ ೧೭, ಮಂಗಳವಾರ

ಗಾಯ ತೋರಿಸಲು ರೈಲಿನಲ್ಲಿ ಉದಕಮಂಡಲಕ್ಕೆ ಹೋಗಿ ಬಂದೆ. ಡಾಕ್ಟರಿಗೆ ನಾನು ಮೇಷ್ಟ್ರು, ಅವರ ತಮಿಳಿನಲ್ಲಿ ವಾಧ್ಯಾರ್, ಎಂದು ಇಷ್ಟವೋ, ಎದುರು ಮಾತಾಡಲಾರೆನೆಂದು ಇಷ್ಟವೋ ತಿಳಿಯದು. ಮಾರ್ಕೆಟ್ಟಿನಿಂದ ಕುರಿಯ ಗಂಟಲು ತರಿಸಿ ಇಟ್ಟುಕೊಂಡಿದ್ದರು. ತಟ್ಟೆಯಲ್ಲಿಟ್ಟು ಬಿಡಿಸಿ ತೋರಿಸಿದರು. ಕೆಳಗೆ ಉಂಗುರದಂಥ ಒಂದು ಮೆತ್ತನೆಯ ಎಲುಬು. ಅದರ ಮೇಲೆ ಗುರಾಣಿಯಂಥದ್ದು, ಗಂಡಸರ ಕೊರಳಲ್ಲಿ ಉಬ್ಬಿ ಕಾಣುವುದು ಇದೇ. ಹಿಂದೆ ಎರಡು ಪುಟ್ಟ ಮೊನೆಗಳು, ಅವು ತಿರುಗಿದರೆ ಬಿಳಿ ತಂತುಗಳು ಕೂಡುತ್ತವೆ, ಹಿಂದಕ್ಕೆ ತಿರುಗಿದರೆ ಬಿಡುತ್ತವೆ. ತಂತುಗಳ ಉದ್ದ ನನ್ನ ಹೆಬ್ಬೆರಳ ಉಗುರಿಗಿಂತ ಹೆಚ್ಚಿಲ್ಲ. ಇಷ್ಟರಿಂದ ನಾನು ನಾಲ್ಕು ಹಟ್ಟಿಗೆ ಕೇಳಿಸುತ್ತಿದ್ದೆ.

ಡಾಕ್ಟರು ತಂತುಗಳನ್ನು ಬೆರಳಲ್ಲಿ ಕೂಡಿಸಿ ಹಿಡಿದು, ಕೆಳಗಿನಿಂದ ಕೊಳವೆಯಲ್ಲಿ ಊದಿದರು. ಸತ್ತ ಕುರಿ ಬೇ ಎಂದಿತು. ಪಂಕಜಂ ಬಾಯಿಗೆ ಸೆರಗು ಮುಚ್ಚಿ ನಕ್ಕಳು. ನನಗೆ ನಗೆ ಬರಲಿಲ್ಲ.

ಅವರು ಹೇಳಿದ ಒಂದು ಸಂಗತಿ ಮಾತ್ರ ನನಗೆ ಹಿಡಿಸಲಿಲ್ಲ. ಈ ಪೆಟ್ಟಿಗೆಯ ಮೊದಲ ಕೆಲಸ ಧ್ವನಿಯಲ್ಲವಂತೆ, ಕಾವಲಂತೆ. ನುಂಗುವಾಗ ಇಡೀ ಪೆಟ್ಟಿಗೆ ಮೇಲಕ್ಕೆ ಎದ್ದು, ಮೇಲಿನ ಮುಚ್ಚಳ ಬಾಗಿ, ಅನ್ನನೀರು ಉಸಿರಿನ ದಾರಿಗೆ ಬೀಳದಂತೆ ತಡೆಯುತ್ತದೆ. ಭಾರ ಎತ್ತುವಾಗ ತಂತುಗಳು ಬಿಗಿಯಾಗಿ ಮುಚ್ಚಿ ಎದೆಯಲ್ಲಿ ಗಾಳಿ ಹಿಡಿದಿಡುತ್ತವೆ, ಅದಿಲ್ಲದಿದ್ದರೆ ತೋಳಿಗೆ ಬಲವೇ ಇಲ್ಲ. ‘ಮುಚ್ಚಿಕೊಂಡಿರುವುದೇ ಇದರ ಹುಟ್ಟುಗುಣ ವಾಧ್ಯಾರ್. ಮಾತು ಆಮೇಲೆ ಕಲಿತದ್ದು,’ ಎಂದರು. ಇಪ್ಪತ್ತೈದು ವರ್ಷ ಪಾಠ ಹೇಳಿದವನಿಗೆ ಹೇಳುವ ಮಾತೇ ಇದು?

ಡಿಸೆಂಬರ್ ೨೩

ನಿನ್ನೆ ಹುಲ್ಲಿನ ಮೇಲೆಲ್ಲ ಹಿಮ ಬಿದ್ದು ಉಪ್ಪು ಚೆಲ್ಲಿದ ಹಾಗಿತ್ತು. ಇಂದೂ ಹಾಗೇ. ಅವ್ವೆಯ ಕಾಲಿಗೆ ಕಂಬಳಿ ಹೊದಿಸುತ್ತಿದ್ದೆ. ಪಕ್ಕದ ಮನೆಯವನು ಹೊಲದಿಂದ ಬೇಗ ಬಂದುಬಿಟ್ಟ. ಕೆಮ್ಮು ಕೇಳಿಸಲಿಲ್ಲ, ಬಾಗಿಲಲ್ಲಿ ನಿಂತೇಬಿಟ್ಟಿದ್ದ. ನಾನು ಏಳಹೊರಟೆ.

ಅವನು ನನ್ನ ಕಡೆ ನೋಡದೆ ಹೇಳಿದ: ‘ಅವ್ವೆ, ಅವನಿಗ ಹೇಳು, ಹೋಪದು ಬೇಡ. ಹೊರಗ ಚಳಿ. ಗಂಟಲು ಹಿಡಿದೀತು.’

‘ಅವ ಇಲ್ಲೇ ಕುಳಿತಿದಾನ. ನೀಯೇ ಹೇಳು,’ ಎಂದಳು ಅವ್ವೆ.

‘ಎನಗೇನು. ನೀ ಹೇಳು.’

ಅವ್ವೆ ನನ್ನ ಕಡೆ ತಿರುಗಿ, ‘ಹೋಪದು ಬೇಡವಂತೆ ಮಗ’ ಎಂದಳು. ನಡುವೆ ಒಂದು ಮೊಳ ಜಾಗ. ಇಬ್ಬರೂ ನರೆತ ತಲೆಯವರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎದ್ದು ಹೋಗೋಣವೆಂದರೆ ಕರಿಯಮ್ಮ ನನ್ನ ಮುಂದೆ ಸಾಮೆಯ ಗಂಜಿ ಇಟ್ಟುಬಿಟ್ಟಿದ್ದಳು. ಕುಡಿದು ಬಂದೆ. ಅವನು ಗಂಜಿ ಸುರ್ ಎಂದು ಹೀರುತ್ತಾನೆ, ಚಿಕ್ಕಂದಿನಿಂದ ಅದೇ ಚಾಳಿ.

ಡಿಸೆಂಬರ್ ೨೫

ಶಾಲೆಗೆ ಕ್ರಿಸ್ಮಸ್ ರಜೆ. ಮಕ್ಕಳ ಸದ್ದೂ ಇಲ್ಲ. ಮೂರು ಸಲ ಒಲೆ ಹೊತ್ತಿಸಿದೆ. ಮೂರು ಸಲವೂ ಹೊತ್ತಿದ ಮೇಲೆ ಏನು ಬೇಯಿಸಬೇಕೆಂದೇ ತೋಚಲಿಲ್ಲ.

ಡಿಸೆಂಬರ್ ೨೮

ಈ ನಾಲ್ಕು ದಿನದಲ್ಲಿ ಎರಡು ಸಲ ಅವನಿರುವಾಗಲೇ ಕುಳಿತಿದ್ದೆ. ಎದ್ದು ಬರಲು ಕಾರಣ ಬೇಕಲ್ಲ. ಬಾಯಿ ಕಟ್ಟಿರದಿದ್ದರೆ ಏನಾದರೂ ಒಂದು ಕುಟುಕು ಮಾತು ಬಾಯಿಗೆ ಬರುತ್ತಿತ್ತು, ಅವನು ತಿರುಗಿ ಅನ್ನುತ್ತಿದ್ದ, ಬಾಗಿಲು ಬಡಿದು ಬರಬಹುದಿತ್ತು.

ಹಾಲನ್ ಅವ್ವೆಗೆ ಸುದ್ದಿ ಹೇಳುತ್ತಾನೆ. ಬಿತ್ತನೆಗೆ ಇಟ್ಟ ಆಲೂಗೆಡ್ಡೆ ಕೊಳೆತದ್ದು, ಎಮ್ಮೆ ಹಾಲು ಬಿಟ್ಟದ್ದು, ಮೇಲಿನ ಎಸ್ಟೇಟಿನವರು ಗಿಡ ಕವಾತು ಮಾಡಲು ಹತ್ತು ಆಳು ಕೇಳಿದ್ದು. ಇವನಿಗೆ ಇಷ್ಟು ಮಾತು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಮಧ್ಯೆ ನಿಲ್ಲಿಸಿ, ಹುಡುಕಿ, ಮತ್ತೆ ಹೇಳುತ್ತಾನೆ. ಅವನು ಹುಡುಕುವಷ್ಟರಲ್ಲಿ ಬೇರೆ ಯಾರಾದರೂ ಆ ಮಾತು ಮುಗಿಸಿಬಿಡುತ್ತಿದ್ದರು. ಬೇರೆ ಯಾರಾದರೂ ಎಂದರೆ ನಾನೇ.

ಇಂದು ಅವ್ವೆ ನಡುವೆಯೇ ನಿದ್ದೆ ಹೋದಳು. ಹಾಲನ್ ‘ಅವ್ವೆ, ಕೇಳು’ ಎನ್ನುತ್ತ ಹೇಳುತ್ತಲೇ ಇದ್ದ. ಅವಳು ಮಲಗಿದ್ದು ಅವನಿಗೆ ಕಾಣಲಿಲ್ಲವೇನೋ.

೧೯೩೦ ಜನವರಿ ೨

ಶಾಲೆ ತೆರೆಯಿತು. ನನ್ನ ಜಾಗಕ್ಕೆ ಕೂನೂರಿನಿಂದ ಒಬ್ಬ ಎಳೆಯನನ್ನು ಕಳಿಸಿದ್ದಾರೆ. ಮಗ್ಗಿ ಹೇಳಿಸುವುದು ಮನೆಯವರೆಗೂ ಕೇಳಿತು. ಅವನ ಧ್ವನಿ ಚೆನ್ನಾಗಿಯೇ ಇದೆ, ತೆಳ್ಳಗೆ, ಗಂಟಿಲ್ಲದ ಹೊಸ ಹಗ್ಗದ ಹಾಗೆ. ನನಗೆ ಹೊಟ್ಟೆಕಿಚ್ಚಾಯಿತು, ಬರೆದಿಡುತ್ತೇನೆ. ಈ ಧ್ವನಿ ಬಾರದೆ ಹೋದರೆ ನಾನು ಯಾರು? ಹೆಂಡತಿ ಇಲ್ಲದವನು, ಮಕ್ಕಳಿಲ್ಲದವನು. ಜೋಗಿ ಮೇಷ್ಟ್ರು ಎಂದರೆ ಜನಕ್ಕೆ ಒಂದು ಗಂಟಲು, ಬೇರೇನೂ ಅಲ್ಲ.

ಸಂಜೆ ಹೊತ್ತು ಹೋಗಲಿಲ್ಲ. ಹಾಲನ್ ಇವತ್ತು ಬರುವುದು ತಡವಾಯಿತು.

ಜನವರಿ ೫, ಭಾನುವಾರ

ಇಂದಿನದನ್ನು ಬರೆಯಬೇಕು.

ಮೊದಲು ಒಂಬತ್ತು ವರ್ಷದ ಹಿಂದಿನದನ್ನು ಬರೆಯಬೇಕು. ಅಪ್ಪ ತೀರಿಕೊಳ್ಳುವುದಕ್ಕೆ ಕೆಲವು ದಿನ ಮೊದಲು ನಮ್ಮಿಬ್ಬರ ಹೊಲದ ನಡುವಿನ ಗಡಿಕಲ್ಲು ನನ್ನ ಕಡೆಗೆ ಐದು ಹೆಜ್ಜೆ ಸರಿದಿತ್ತು. ಹಾಲನ್ ಸರಿಸಿದ್ದೆಂದು ನನಗೆ ಅನುಮಾನವೇ ಇರಲಿಲ್ಲ. ಅಪ್ಪನ ಕರು ಹರಸಿದವನು ನಾನು. ಪಾಪಗಳ ಪಟ್ಟಿಯಲ್ಲಿ ಗಡಿಕಲ್ಲು ಸರಿಸಿದ್ದೂ ಒಂದು. ಒಂದೊಂದನ್ನು ಒಂದೇ ಸಲ ಹೇಳುವುದು ಪದ್ಧತಿ. ನಾನು ಅದನ್ನು ಮೂರು ಸಲ ಹೇಳಿದೆ, ಹಾಲನ್‌ನ ಮುಖ ನೋಡಿಕೊಂಡು ಹೇಳಿದೆ. ಮೂರು ಸಲವೂ ನಾಲ್ಕು ಹಟ್ಟಿಯ ಜನ ‘ಪಾಪ’ ಎಂದರು. ಮೂರನೆಯ ಸಲಕ್ಕೆ ಎಲ್ಲರೂ ಅವನನ್ನೇ ನೋಡುತ್ತಿದ್ದರು. ಸತ್ತವರಿಗಾಗಿ ಇರುವ ಮಾತನ್ನು ಬದುಕಿರುವವನ ಮೇಲೆ ಎಸೆದವನು ನಮ್ಮಲ್ಲಿ ನಾನೊಬ್ಬನೇ ಇರಬೇಕು. ಅಂದು ನನಗೆ ಹೆಮ್ಮೆಯಾಗಿತ್ತು.

ಇಂದು ಅವ್ವೆ ಮಲಗಿದ್ದಳು. ಕರಿಯಮ್ಮ ನೀರಿಗೆ ಹೋಗಿದ್ದಳು. ಹಾಲನ್ ಹೊಲದ ಕೆಳಗಿನ ಮಣ್ಣು ಮತ್ತೆ ಜಾರುತ್ತಿದೆ ಎಂದು ಹೇಳುತ್ತಿದ್ದ. ಆಮೇಲೆ ಅದೇ ಧ್ವನಿಯಲ್ಲಿ, ಕಂಬಳಿಯ ಎಳೆ ಕೀಳುತ್ತ, ಹೇಳಿದ:

‘ಅವ್ವೆ, ಆ ವರುಷವೂ ಮಳೆಗ ಎನ್ನ ಕಡೆ ಮಣ್ಣು ಜಾರಿತ್ತಲ್ಲ. ಅಪ್ಪ ಬಂದು ನೋಡಿದ. ಜೋಗಿಗ ಶಾಲೆ ಇದೆ, ನಿನಗ ಮಣ್ಣೇ ಗತಿ ಅಂದ. ಅವನೇ ಕಲ್ಲು ಕಿತ್ತು ಆಚೆ ನೆಟ್ಟ. ನಾ ಬೇಡ ಅಂದೆ. ಜೋಗಿಗ ನಾ ಹೇಳ್ತೆ, ನೀ ಸುಮ್ಮನಿರು ಅಂದ. ಹೇಳೋ ಮೊದಲೇ ಹೋದ.’

ಕಿತ್ತ ಎಳೆಯನ್ನು ಬೆರಳಿಗೆ ಸುತ್ತಿಕೊಂಡ.

‘ಆ ದಿನ ನಾ ಬಾಯಿ ಬುಟ್ಟಿದ್ದರೆ ಅಪ್ಪನ ಹೆಣದ ಮುಂದೆ ಅಪ್ಪನ ಮೇಲೇ ಹಾಕಿದ ಹಾಗೆ ಆಗ್ತಿತ್ತು. ಆಮೇಲೆ ಯಾರು ಕೇಳಿದರು? ಅವನ ಬಾಯಿ ಮುಂದೆ ಎನ್ನ ಬಾಯಿ ಯಾವಾಗ ಗೆದ್ದಿದೆ?’

ಅವ್ವೆ ನಿದ್ದೆಯಲ್ಲೇ ಇದ್ದಳು. ಅವನು ನನ್ನ ಕಡೆ ನೋಡಲಿಲ್ಲ. ನಾನು ಬಾಯಿ ತೆರೆದೆ. ತೆರೆದದ್ದು ನಿಜ. ಗಂಟಲಲ್ಲಿ ಎರಡೂ ಅಂಚು ಕೂಡಿ ಬರುವುದು ನನಗೇ ತಿಳಿಯಿತು. ಆಗ ಅವ್ವೆ ಕೆಮ್ಮಿ ಕಣ್ಣು ಬಿಟ್ಟು, ‘ಇಬ್ಬರೂ ಇದೀರಾ?’ ಎಂದಳು. ಬಾಯಿ ಮುಚ್ಚಿಕೊಂಡೆ. ಅವಳ ಕರು ಇದೆಯಲ್ಲ.

ಜನವರಿ ೬

ತಪ್ಪಾಯಿತೆಂದು ಸ್ಲೇಟಿನಲ್ಲಿ ಬರೆದೆ, ಒರೆಸಿದೆ. ಅಣ್ಣನಿಗೆ ಓದು ಬಾರದು, ಅತ್ತಿಗೆಗೂ ಬಾರದು. ನನ್ನ ಶಿಷ್ಯರಾರನ್ನಾದರೂ ಕರೆದು ಓದಿಸಬಹುದು. ಇದನ್ನು ಮಕ್ಕಳ ಬಾಯಲ್ಲಿ ಹೇಳಿಸುವುದೇ? ನಾಲ್ಕು ಹಟ್ಟಿಯ ಮುಂದೆ ಅಂದದ್ದನ್ನು ಅಡುಗೆಮನೆಯಲ್ಲಿ ತೀರಿಸುವುದೇ?

ಇಪ್ಪತ್ತೊಂದಕ್ಕೆ ಮಾತು ಬಂದ ಕೂಡಲೇ ಹಟ್ಟಿಯವರನ್ನು ಸೇರಿಸುತ್ತೇನೆ. ನನ್ನ ಮೊದಲ ಮಾತು ಅದೇ. ಇನ್ನು ಹದಿನೈದು ದಿನ.

ಜನವರಿ ೭, ಮಂಗಳವಾರ

ಡಾಕ್ಟರು ನೋಡಿ, ಗಾಯ ಚೆನ್ನಾಗಿ ಮಾಯುತ್ತಿದೆ, ಇಂಥ ಅಚ್ಚುಕಟ್ಟಾದ ಗಂಟಲು ಕಂಡಿಲ್ಲ ಎಂದರು. ಒಂದೇ ಒಂದು ವಾಕ್ಯ ಆಡಬಹುದೇ ಎಂದು ಸ್ಲೇಟಿನಲ್ಲಿ ಕೇಳಿದೆ. ‘ಮೆಲ್ಲಗಿನದೋ ಗಟ್ಟಿಯದೋ?’ ಎಂದರು. ಗಟ್ಟಿಯದು ಎಂದು ಬರೆದೆ. ಕನ್ನಡಿ ಕೆಳಗಿಟ್ಟು ನನ್ನನ್ನೇ ನೋಡಿದರು. ‘ಅಂಥ ವಾಕ್ಯ ಎರಡು ವಾರ ಕಾಯಲಾರದೇ?’

ಕಾಯುತ್ತದೆ. ಒಂಬತ್ತು ವರ್ಷ ಕಾದದ್ದು.

ಹೊರಡುವಾಗ ಅವರು ಗೋಡೆಯ ಪಟದಲ್ಲಿ ಒಂದು ನರ ತೋರಿಸಿದರು. ತಂತುಗಳನ್ನು ಆಡಿಸುವ ಈ ನರ ತಲೆಯಿಂದ ನೇರವಾಗಿ ಗಂಟಲಿಗೆ ಬರುವುದಿಲ್ಲ. ಎಡಗಡೆಯದು ಗಂಟಲನ್ನು ದಾಟಿ ಎದೆಗೆ ಇಳಿದು, ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವನ್ನು ಸುತ್ತಿ ಮತ್ತೆ ಮೇಲೆ ಬರುತ್ತದೆ. ಇಷ್ಟು ಸುತ್ತು ಯಾಕೆ ಎಂದರೆ ಅವರಿಗೂ ಗೊತ್ತಿಲ್ಲ. ಅರುವಂಕಾಡಿನಲ್ಲಿ ಇಳಿದು ಹಟ್ಟಿಗೆ ನಡೆಯುವಾಗ ಬೇಗ ಬೇಗ ಹೆಜ್ಜೆ ಹಾಕಿದೆ. ಅಣ್ಣ ಬರುವ ಹೊತ್ತಾಗಿತ್ತು.

ಜನವರಿ ೧೧

ಅವ್ವೆಗೆ ಗಂಜಿ ಇಳಿಯುತ್ತಿಲ್ಲ. ನಾವಿಬ್ಬರೂ ಪಾಳಿ ಹಾಕಿಕೊಂಡು ಕೂರುತ್ತೇವೆ. ಪಾಳಿ ಮುಗಿದರೂ ನಾನು ಏಳುವುದಿಲ್ಲ, ಅವನೂ ಏಳುವುದಿಲ್ಲ. ಅಣ್ಣ ಈಗ ‘ಅವ್ವೆ, ಅವನಿಗ ಹೇಳು’ ಎನ್ನುವುದನ್ನು ಬಿಟ್ಟಿದ್ದಾನೆ. ‘ನೀರು ಕೊಡು’ ಎನ್ನುತ್ತಾನೆ. ಕೊಡುತ್ತೇನೆ.

ಜನವರಿ ೧೩

ಇಂದು ಅವ್ವೆಯ ಉಸಿರು ಬೇರೆಯಾಗಿತ್ತು. ಹಿರಿಯರು ಬಂದು ನೋಡಿ, ಹೊತ್ತಾಯಿತು ಎಂದರು. ನಮ್ಮಲ್ಲಿ ಹೋಗುವವರಿಗೆ ತುಪ್ಪದಲ್ಲಿ ಅದ್ದಿದ ಚಿಟಿಕೆಯಷ್ಟು ಚಿನ್ನದ ಹಣ ನುಂಗಿಸುತ್ತಾರೆ. ಹಣವೆಂದರೆ ಹಳೆಯ ಕಾಲದ ನಾಣ್ಯ, ಬೇಳೆಗಿಂತ ಚಿಕ್ಕದು. ಅದು ಒಳಗೆ ಇಳಿದರೆ ಒಳ್ಳೆಯದು, ಇಳಿಯದಿದ್ದರೆ ಬಟ್ಟೆಯಲ್ಲಿ ಸುತ್ತಿ ತೋಳಿಗೆ ಕಟ್ಟುತ್ತಾರೆ.

ಅಣ್ಣ ಅವ್ವೆಯ ತಲೆ ಎತ್ತಿ ಹಿಡಿದ. ನಾನು ಹಣವನ್ನು ನಾಲಿಗೆಯ ಮೇಲಿಟ್ಟೆ. ಎಲ್ಲರೂ ಅವಳ ಮುಖ ನೋಡುತ್ತಿದ್ದರು, ನಾನು ಕೊರಳು ನೋಡುತ್ತಿದ್ದೆ. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಸುಕ್ಕಿನ ಕೆಳಗೆ ಆ ಪೆಟ್ಟಿಗೆ ಮೆಲ್ಲಗೆ ಮೇಲಕ್ಕೆ ಎದ್ದಿತು, ಕೆಳಗೆ ಇಳಿಯಿತು. ಕಾವಲು ಇನ್ನೂ ಇತ್ತು. ಹಣ ಉಸಿರಿಗೆ ಅಡ್ಡ ಬರಲಿಲ್ಲ. ನಾನು ತಲೆ ಆಡಿಸಿದೆ, ಅಣ್ಣ ‘ಇಳಿತು’ ಎಂದು ಎಲ್ಲರಿಗೂ ಹೇಳಿದ.

ಅವ್ವೆ ನನ್ನ ಕೈ ಹಿಡಿದು, ‘ಎಷ್ಟು ದಿನ ಇದೆ?’ ಎಂದಳು. ಎಂಟು ಬೆರಳು ತೋರಿಸಿದೆ. ಅವಳಿಗೆ ಕಣ್ಣು ಕಾಣುತ್ತಿತ್ತೋ ಇಲ್ಲವೋ.

ಜನವರಿ ೧೪

ಬೆಳಕು ಹರಿಯುವಾಗ ಅವ್ವೆ ಹೋದಳು.

ಜನವರಿ ೧೬

ನಿನ್ನೆಯದನ್ನು ಇಂದು ಬರೆಯುತ್ತಿದ್ದೇನೆ.

ಹಿರಿಯರು ಬೆಳಿಗ್ಗೆಯೇ ನನ್ನ ಬಾಗಿಲಿಗೆ ಬಂದರು. ತಾಯಿಯ ಮಾತು ಅವರಿಗೂ ಗೊತ್ತಿತ್ತು. ನಾನು ಎದ್ದು ಪೇಟ ಸುತ್ತಿಕೊಂಡೆ. ನಾನು ಹರಸುವುದೆಂದೇ ಇದ್ದೆ. ಗಂಟಲು ಹೋದರೆ ಹೋಗಲಿ, ಕೊಟ್ಟ ಮಾತು. ಅಣ್ಣ ಬಂದು ಬಾಗಿಲಿಗೆ ಅಡ್ಡ ನಿಂತ.

‘ನೀ ಬಾಯಿ ಬುಡಬೇಡ. ಇನ್ನು ಆರು ದಿನ ಇದೆ. ನಾ ಹೇಳ್ತೆ.’

‘ನಿನಗ ಬರುತ್ತಾ ಹಾಲ?’ ಎಂದರು ಹಿರಿಯರು.

‘ಅವ ಹೇಳಿದ್ದನ್ನ ಇಪ್ಪತ್ತು ವರುಷ ಕೇಳಿದೆ. ಬರದೆ ಏನು?’

ಚಟ್ಟ ಹೊರಲು ನನ್ನನ್ನು ಬಿಡಲಿಲ್ಲ, ಪಕ್ಕದಲ್ಲಿ ನಡೆದೆ. ಹುಲ್ಲುಮಾಳದಲ್ಲಿ ನಾಲ್ಕು ಹಟ್ಟಿಯ ಜನ ನೆರೆದಿದ್ದರು. ಕರುವನ್ನು ತಂದರು. ಅಣ್ಣ ಅದರ ಬೆನ್ನ ಮೇಲೆ ಕೈ ಇಟ್ಟು ಶುರು ಮಾಡಿದ. ರಾಗ ಇಲ್ಲ, ಏರಿಳಿತ ಇಲ್ಲ, ಮೂಟೆ ಎಣಿಸಿ ಹೇಳುವ ಹಾಗೆ ಹೇಳುತ್ತ ಹೋದ. ಹಾವನ್ನು ಕೊಂದದ್ದು. ಪಾಪ. ಹಸಿದು ಬಂದವನಿಗೆ ಬಾಗಿಲು ಹಾಕಿದ್ದು. ಪಾಪ. ನೀರಿಗೆ ಉಗುಳಿದ್ದು, ಸೊಸೆಯನ್ನು ಅಳಿಸಿದ್ದು, ನೆರೆಯವನ ಬೆಳೆ ಕಂಡು ಕರುಬಿದ್ದು. ನಾನು ಹಿಂದೆ ನಿಂತಿದ್ದೆ. ಎಲ್ಲಾದರೂ ತಪ್ಪಿದರೆ ಬೆನ್ನು ಮುಟ್ಟಿ ಎಚ್ಚರಿಸೋಣವೆಂದು ಕೈ ಎತ್ತಿಕೊಂಡೇ ಇದ್ದೆ. ಒಂದು ಸಾಲೂ ತಪ್ಪಲಿಲ್ಲ.

ಗಡಿಕಲ್ಲಿನ ಸಾಲು ಬಂತು. ಅಣ್ಣ ನಿಂತ.

ಜನಕ್ಕೆಲ್ಲ ನೆನಪಿತ್ತು. ಯಾರೂ ಅಲುಗಲಿಲ್ಲ. ಅತ್ತಿಗೆ ನೆಲ ನೋಡುತ್ತಿದ್ದಳು. ಅವನು ಅದನ್ನು ಬಿಟ್ಟು ಮುಂದೆ ಹೋಗಬಹುದಿತ್ತು, ಯಾರೂ ಏನೂ ಅನ್ನುತ್ತಿರಲಿಲ್ಲ. ಬಿಟ್ಟರೆ ಅವ್ವೆಯ ಪಟ್ಟಿ ಪೂರ್ತಿಯಾಗುವುದಿಲ್ಲವಲ್ಲ. ಎಂಜಲು ನುಂಗಿದ. ಆಮೇಲೆ ಉಳಿದದ್ದನ್ನು ಹೇಳಿದ ಹಾಗೆಯೇ ಹೇಳಿದ, ‘ಗಡಿಯ ಕಲ್ಲು ಸರಿಸಿದ್ದು,’ ಒಂದೇ ಸಲ. ‘ಪಾಪ’ ಎಂದರು ಜನ. ಅವನ ಕೊರಳಿನ ಹಿಂಭಾಗ ಕೆಂಪಾಗಿತ್ತು.

ಮುಂದಿನ ಸಾಲಿಗೆ ಅವನು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ನಾನು ಮುಂದೆ ಬಂದು ಕರುವಿನ ಮೇಲೆ ಕೈ ಇಟ್ಟೆ. ಆರು ದಿನ ಕಾಯಬಹುದಿತ್ತು. ಆದರೆ ಆರು ದಿನದ ಮೇಲೆ ಹೇಳಿದರೆ ಅದು ಬರೀ ಕ್ಷಮಾಪಣೆ. ಇಲ್ಲಿ ಹೇಳಿದರೆ ಅವ್ವೆಯ ಕರು ಹೊತ್ತುಕೊಂಡು ಹೋಗುತ್ತದೆ.

ಎದೆ ತುಂಬ ಗಾಳಿ ಎಳೆದು ಹೇಳಿದೆ: ‘ತಂದೆಯ ಹೆಣದ ಮುಂದೆ ನಿಂತು, ಮಾಡದ ತಪ್ಪನ್ನು ಅಣ್ಣನ ತಲೆಗೆ ಹೊರಿಸಿದ್ದು.’

ಹಾಗೆಂದು ಹೇಳಿದೆನೆಂದು ನಾನು ತಿಳಿದಿದ್ದೇನೆ. ಹೊರಗೆ ಬಂದದ್ದು ಮೊದಲ ಎರಡು ಪದ ಮಾತ್ರ, ಅದೂ ಹರಕು ಬಟ್ಟೆ ಸೀಳಿದ ಹಾಗೆ. ಆಮೇಲಿನದೆಲ್ಲ ಗಾಳಿ. ಬಾಯಲ್ಲಿ ರಕ್ತದ ರುಚಿ ಬಂತು. ನನ್ನ ಪಕ್ಕಕ್ಕಿದ್ದ ಅಣ್ಣನ ಹೊರತು ಯಾರಿಗೂ ಕೇಳಿರಲಾರದು. ಆದರೂ ನನ್ನ ಬಾಯಿ ಆಡಿ ನಿಂತದ್ದು ಕಂಡು, ರೂಢಿಯ ಹಾಗೆ, ನಾಲ್ಕು ಹಟ್ಟಿಯ ಜನವೂ ಒಟ್ಟಿಗೆ ‘ಪಾಪ’ ಎಂದರು. ಏನೆಂದು ತಿಳಿಯದೆಯೇ ಅಂದರು.

ಅಣ್ಣ ಒಬ್ಬ ಮಾತ್ರ ಅನ್ನಲಿಲ್ಲ. ನನ್ನ ಕೈಯ ಮೇಲೆ ಅವನ ಕೈ ಇಟ್ಟ. ಹಾಗೇ ಇಟ್ಟುಕೊಂಡು ಪಟ್ಟಿಯನ್ನು ಕೊನೆಯವರೆಗೂ ಹೇಳಿ ಮುಗಿಸಿದ. ಕರುವನ್ನು ಬಿಟ್ಟೆವು.

ಜನವರಿ ೨೧, ಮಂಗಳವಾರ

ಡಾಕ್ಟರು ಬಹಳ ಹೊತ್ತು ನೋಡಿದರು. ‘ಮಾತಾಡಿದಿರಾ?’ ಎಂದರು. ಒಂದು ಬೆರಳು ತೋರಿಸಿದೆ. ‘ಒಂದು ದಿನವೇ?’ ಒಂದು ಸಾಲು ಎಂದು ಸ್ಲೇಟಿನಲ್ಲಿ ಬರೆದೆ. ಬಯ್ಯುತ್ತಾರೆಂದುಕೊಂಡಿದ್ದೆ, ಬಯ್ಯಲಿಲ್ಲ. ಬಲಗಡೆಯ ತಂತು ಹರಿದು ಗಡ್ಡೆ ಕಟ್ಟಿದೆ. ಎರಡೂ ಇನ್ನು ಪೂರ್ತಿ ಕೂಡುವುದಿಲ್ಲ. ಆ ಒಂದು ಸಾಲಿನಿಂದಲೇ ಎಂದು ಆಣೆಯಿಟ್ಟು ಹೇಳಲಾರೆ ಎನ್ನುತ್ತ ಕನ್ನಡಿಯನ್ನು ಒರೆಸಿಟ್ಟರು. ಶಾಲೆಗೆ ಸಾಲುವ ಧ್ವನಿ ಬರುವುದಿಲ್ಲ, ಬಯಲಿನಲ್ಲಿ ನಿಂತು ಹೇಳುವುದಂತೂ ದೂರದ ಮಾತು. ‘ಪಕ್ಕದಲ್ಲಿ ಕುಳಿತವರಿಗೆ ಕೇಳುತ್ತದೆ. ಇನ್ನು ಕಾಪಾಡುವುದಕ್ಕೇನೂ ಇಲ್ಲ ವಾಧ್ಯಾರ್, ಮಾತಾಡಿ,’ ಎಂದರು.

ಶಾಲೆಯವರಿಗೆ ಕಾಗದ ಬರೆಯಬೇಕು. ಆ ಎಳೆಯನೇ ಇರಲಿ, ಚೆನ್ನಾಗಿ ಹೇಳಿಕೊಡುತ್ತಾನೆ.

ಅಣ್ಣ ನನ್ನ ಜೊತೆ ಬಂದಿದ್ದ. ಆಸ್ಪತ್ರೆಯ ಹೊರಗೆ, ಪೇಟವನ್ನು ಮೊಣಕಾಲ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆ ಕುಳಿತಿದ್ದ. ಏನಂದರು ಎಂದು ಕೇಳಿದ. ಹೇಳಿದೆ. ಕೇಳಿಸಲಿಲ್ಲ. ಬಗ್ಗಿ ಕಿವಿಯನ್ನು ನನ್ನ ಬಾಯಿಗೆ ಹತ್ತಿರ ತಂದ. ಮತ್ತೆ ಹೇಳಿದೆ. ಅವನ ಕಣ್ಣು ತುಂಬಿತ್ತು, ನನ್ನದೂ. ಆಮೇಲೆ, ‘ರೈಲಿಗ ಹೊತ್ತಾತು,’ ಎಂದ.

ರೈಲಿನಲ್ಲಿ ಎದುರುಬದುರು ಕುಳಿತೆವು. ಒಂಬತ್ತು ವರ್ಷದ್ದು ಹೇಳಬೇಕಿತ್ತು. ನಾನು ಕೇಳಿದ್ದು, ಬಿತ್ತನೆಯ ಆಲೂಗೆಡ್ಡೆ ಎಷ್ಟು ಕೊಳೆಯಿತು ಎಂದು. ಗಾಲಿಯ ಸದ್ದಿಗೆ ಅದೂ ಅವನಿಗೆ ಮುಟ್ಟಲಿಲ್ಲ. ಅವನು ಎದ್ದು ಬಂದು ನನ್ನ ಪಕ್ಕದಲ್ಲಿ ಕುಳಿತ. ಲವ್‌ಡೇಲ್, ಕೇತ್ತಿ, ಆಮೇಲೆ ಅರುವಂಕಾಡು ಬರುವವರೆಗೂ ನನ್ನ ಬಾಯಿಗೆ ಕಿವಿ ಕೊಟ್ಟೇ ಕುಳಿತಿದ್ದ. ಏನೇನು ಹೇಳಿದೆನೋ, ಬರೆದಿಡುವಂಥದ್ದು ಏನೂ ಇಲ್ಲ.